ಹೊಸ ಮಾತ್ರೆಗೆ ಬದಲಾಯಿಸಬಹುದಾ?

ಎಲ್ಲರಿಗೂ ನಮಸ್ಕಾರ. ಕ್ಲಿನಿಕಲ್ ಫಾರ್ಮಸಿಸ್ಟ್ ಆದ ನನ್ನನ್ನು ಜನ ಪದೇ ಪದೇ ಕೇಳುವ ಪ್ರಶ್ನೆ ಇದು: "ರಕ್ತ ತೆಳು ಮಾಡೋಕೆ ಹೊಸ ಮಾತ್ರೆ ಬಂದಿದೆಯಂತೆ, ರಕ್ತ ಪರೀಕ್ಷೆನೇ ಬೇಡವಂತೆ. ಬದಲಾಯಿಸಿ ಕೊಡ್ತೀರಾ?"

ಕೇಳುವವರಲ್ಲಿ ಹೆಂಗಸರೇ ಜಾಸ್ತಿ, ನಲವತ್ತು-ಐವತ್ತರ ಆಸುಪಾಸಿನವರು. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಕೀಲು ನೋವಿನ ಜ್ವರ (ರುಮ್ಯಾಟಿಕ್ ಜ್ವರ) ಬಂದಿರುತ್ತದೆ. ಜ್ವರ ವಾಸಿಯಾಯಿತು, ಹೃದಯದ ಕವಾಟ ಮಾತ್ರ ಕೆಟ್ಟಿತು. ಈಗ ಹೃದಯ ತಾಳ ತಪ್ಪಿ ಬಡಿಯುತ್ತದೆ, ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ.

ಇದಕ್ಕೆ ಹಳೆ ಔಷಧಿ ವಾರ್ಫರಿನ್. ಅದರ ಅಣ್ಣತಮ್ಮ ಅಸಿನೊಕೂಮರಾಲ್, ನಮ್ಮವರ ಬಾಯಲ್ಲಿ ಅಸಿಟ್ರೋಮ್. ವಾರ್ಫರಿನ್ ಮೊದಲು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ. 1954ರಲ್ಲಿ ಅಮೆರಿಕದಲ್ಲಿ ಮನುಷ್ಯರಿಗೆ ಒಪ್ಪಿಗೆ ಸಿಕ್ಕಿತು. (ಇದನ್ನು ರೋಗಿಗಳ ಮುಂದೆ ಹೇಳಬೇಡಿ. ಒಮ್ಮೆ ಹೇಳಿ ಪಾಠ ಕಲಿತಿದ್ದೇನೆ.)

ಹೊಸವು ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್. 2008ರಿಂದ ಈಚೆಗೆ ಒಂದರ ಹಿಂದೆ ಒಂದು ಬಂದವು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ, ಕವಾಟ ಚೆನ್ನಾಗಿದ್ದೂ ತಾಳ ತಪ್ಪಿದವರಿಗೆ ಇವು ಒಳ್ಳೆ ಔಷಧಿಗಳು, ಅನುಮಾನವೇ ಇಲ್ಲ. ಆದರೆ ರುಮ್ಯಾಟಿಕ್ ಕವಾಟದವರ ಕತೆ ಬೇರೆ. ಇಂಥವರಲ್ಲೇ ಹೊಸ ಮಾತ್ರೆಯನ್ನು ಹಳೆಯದಕ್ಕೆ ಹೋಲಿಸಿ ನೋಡಿದ ಇನ್‌ವಿಕ್ಟಸ್ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. 24 ದೇಶಗಳ 4,500ಕ್ಕೂ ಹೆಚ್ಚು ರೋಗಿಗಳು, ನಮ್ಮ ದೇಶದವರೂ ಇದ್ದರು. ಹೊಸದು ಗೆಲ್ಲುತ್ತದೆ ಅಂತಲೇ ಹಲವರು ಅಂದುಕೊಂಡಿದ್ದರು. ಆದರೆ ಸಾವು ಕಡಿಮೆ ಕಂಡದ್ದು ಹಳೆ ಮಾತ್ರೆಯವರಲ್ಲಿ. ರಕ್ತಸ್ರಾವವೂ ಅವರಲ್ಲಿ ಎದ್ದು ಕಾಣುವಷ್ಟು ಜಾಸ್ತಿ ಇರಲಿಲ್ಲ. ಲೋಹದ ಕವಾಟ ಹಾಕಿಸಿಕೊಂಡವರಲ್ಲಿ ಡಾಬಿಗಾಟ್ರಾನ್ ಪರೀಕ್ಷಿಸಿದಾಗ ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಆಗಿ, ಆ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಹಾಗಾಗಿ ಇವರಿಗೆ ನನ್ನ ಉತ್ತರ: ಬೇಡಮ್ಮ, ಇದೇ ಇರಲಿ. ಆದರೆ ಅಷ್ಟು ಹೇಳಿ ಕೈ ತೊಳೆದುಕೊಂಡರೆ ಆಗುವುದಿಲ್ಲ, ಅಲ್ವಾ?

ಒಬ್ಬ ತಾಯಿ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಅಂತ ಬಂದರು. ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡ ಆಗುತ್ತೆ ಅಂತ ತೋರಿಸುವ ರಕ್ತ ಪರೀಕ್ಷೆ) ನೋಡಿದರೆ 7! ಅವರಿಗೆ 2ರಿಂದ 3ರೊಳಗೆ ಇರಬೇಕಿತ್ತು. ವಾರ್ಫರಿನ್ ತಪ್ಪದೆ, ಲೆಕ್ಕವಾಗಿಯೇ ತಗೊಂಡಿದ್ದರು. ಮತ್ತೇನು ತಗೊಂಡಿರಿ ಅಂತ ಕೇಳಿದೆ. ಏನೂ ಇಲ್ಲ ಅಂದರು. ಚೀಲ ಕೆಳಗೆ ಸುರಿಸಿದೆ. ಬಸ್ ಟಿಕೆಟ್, ಎಲೆ-ಅಡಿಕೆ, ಅದರ ನಡುವೆ ಅರ್ಧ ಖಾಲಿಯಾದ ಮೆಟ್ರೊನಿಡಜೋಲ್ ಸ್ಟ್ರಿಪ್. "ಅದಾ? ಅದು ಭೇದಿಗೆ ಸಾರ್." ಭೇದಿ ಮಾತ್ರೆ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ! ವಾರ್ಫರಿನನ್ನು ಕರಗಿಸುವ ಲಿವರ್‌ನ ಕಿಣ್ವವನ್ನು ಮೆಟ್ರೊನಿಡಜೋಲ್ ತಡೆಯುತ್ತದೆ. ಮಾತ್ರೆ ಅಷ್ಟೇ, ಆದರೆ ದೇಹದಲ್ಲಿ ಉಳಿಯುವುದು ಜಾಸ್ತಿ. ಟಿಬಿಯ ರಿಫಾಂಪಿಸಿನ್ ಇದರ ಉಲ್ಟಾ. ಕಿಣ್ವವನ್ನು ಹೆಚ್ಚಿಸಿ ವಾರ್ಫರಿನ್ ಕೆಲಸವನ್ನೇ ಕೆಡಿಸುತ್ತದೆ.

ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ಗೆ ಎದುರಾಗಿ ಕೆಲಸ ಮಾಡುತ್ತದೆ ಅಂತ ಜನ ಸುಮ್ನೆ ಹೆದರುತ್ತಾರೆ. ನುಗ್ಗೆ, ಪಾಲಕ್ ಬಿಡಬೇಕಿಲ್ಲ. ಒಂದು ವಾರ ಪೂರ್ತಿ ಬಸ್ಸಾರು, ಮುಂದಿನ ವಾರ ಒಂದೆಲೆಯೂ ಇಲ್ಲ, ಹಾಗೆ ಮಾಡಬಾರದು ಅಷ್ಟೇ.

ಆ ತಾಯಿಗೆ ಡಾಕ್ಟರು ಎರಡು ದಿನ ವಾರ್ಫರಿನ್ ನಿಲ್ಲಿಸಿ, ಸ್ವಲ್ಪ ವಿಟಮಿನ್ ಕೆ ಕೊಟ್ಟರು. ಈಗ ಬರುವಾಗ ಗೋಡೆ ಕ್ಯಾಲೆಂಡರಿನ ಹಾಳೆಯನ್ನೇ ಹರಿದು ತರುತ್ತಾರೆ. ಮಾತ್ರೆ ನುಂಗಿದ ದಿನಕ್ಕೆ ಕುಂಕುಮದ ಬೊಟ್ಟು, ಬೇರೆ ಏನಾದರೂ ತಗೊಂಡರೆ ಅರಿಶಿನದ್ದು. ಹೋದ ತಿಂಗಳು ಒಂದೇ ಒಂದು ಅರಿಶಿನದ ಬೊಟ್ಟಿತ್ತು. ಕೇಳಿದರೆ, ತಲೆನೋವಿಗೆ ಒಂದು ಪ್ಯಾರಸಿಟಮಾಲ್.