ನಾಲ್ಕು ಸೆಂಟಿಮೀಟರ್ ಎಂಜಿನ್ ಒಳಗೆ ಡಿಕೋಡರ್‌ಗೆ ಜಾಗ ಎಲ್ಲಿ?

[ದೃಶ್ಯ: ಮೇಜಿನ ಮೇಲೆ ಸ್ಟೀಲ್ ಸ್ಕೇಲ್. ಪಕ್ಕದಲ್ಲಿ ಪುಟ್ಟ ಶಂಟಿಂಗ್ ಎಂಜಿನ್.]

ನಮಸ್ಕಾರ. 2023ರ ಸೆಪ್ಟೆಂಬರ್ 24ರಂದು ನಮ್ಮ ಕಾಸರಗೋಡಿನಿಂದ ತಿರುವನಂತಪುರಕ್ಕೆ ವಂದೇ ಭಾರತ್ ಹೊರಟಿತಲ್ವಾ, ಆಮೇಲೆ "ಅದರ ಮಾಡೆಲ್ ಡಿಜಿಟಲ್‌ನಲ್ಲಿ ಓಡಿಸಿ ತೋರಿಸಿ" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಅದೇನೂ ಕಷ್ಟವಿಲ್ಲ. ಎನ್ ಸ್ಕೇಲ್ ಅಂದರೆ 160ರಲ್ಲಿ ಒಂದು ಪಾಲು. ಆ ಅಳತೆಯಲ್ಲೂ ಒಂದು ಬೋಗಿ ಸುಮಾರು 14 ಸೆಂ.ಮೀ. ಬರುತ್ತದೆ. ಡಿಜಿಟಲ್ ಆಜ್ಞೆ ಓದಿ ಎಂಜಿನ್ ಓಡಿಸುವ ಪುಟ್ಟ ಸರ್ಕ್ಯೂಟ್‌ಗೆ ಡಿಕೋಡರ್ ಅನ್ನುತ್ತಾರೆ. ಬೋಗಿಯಲ್ಲಿ ಡಿಕೋಡರ್ ಏನು, ಸ್ಪೀಕರ್ ಕೂಡ ಆರಾಮವಾಗಿ ಕೂರುತ್ತದೆ.

ಪರದಾಟ ಇರುವುದು ಇದರಲ್ಲಿ. ಜರ್ಮನಿಯ ಕೋಫ್ ಎಂಬ ಶಂಟಿಂಗ್ ಎಂಜಿನ್, ಅಂದರೆ ಯಾರ್ಡ್‌ನಲ್ಲಿ ಬೋಗಿಗಳನ್ನು ಆಚೀಚೆ ಎಳೆಯುವಂಥದ್ದು. ನಿಜವಾದದ್ದೇ ಸುಮಾರು ಆರೂವರೆ ಮೀಟರ್. ಎನ್ ಸ್ಕೇಲ್‌ನಲ್ಲಿ 4 ಸೆಂ.ಮೀ. ನಾಲ್ಕೇ ಚಕ್ರ. ಅಷ್ಟರೊಳಗೆ ಮೋಟಾರು, ಗೇರು, ಭಾರಕ್ಕೆ ಲೋಹದ ತುಂಡು, ಎಲ್ಲವೂ ತುಂಬಿಕೊಂಡಿವೆ.

[ದೃಶ್ಯ: ಡಿಕೋಡರ್ ಹತ್ತಿರದಿಂದ]

ಡಿಕೋಡರ್ ಮಾಡುವ ಕೆಲಸ ಇಷ್ಟೇ. ಹಳೆಯ ಡಿಸಿ ಪದ್ಧತಿಯಲ್ಲಿ ಹಳಿಗೆ ಎಷ್ಟು ವೋಲ್ಟೇಜ್ ಕೊಟ್ಟರೆ ಎಂಜಿನ್ ಅಷ್ಟು ಜೋರಾಗಿ ಓಡುತ್ತದೆ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಹೊರಡುತ್ತವೆ. ಡಿಸಿಸಿ, ಅಂದರೆ ಡಿಜಿಟಲ್ ಪದ್ಧತಿಯಲ್ಲಿ ಹಾಗಲ್ಲ. ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಆದರೆ ಅದರ ದಿಕ್ಕು ಕ್ಷಣಕ್ಷಣಕ್ಕೂ ತಿರುಗುತ್ತಿರುತ್ತದೆ. ತಿರುವು 58 ಮೈಕ್ರೋಸೆಕೆಂಡಿಗೆ ಬಂದರೆ ಅದು 'ಒಂದು', 100 ಅಥವಾ ಅದಕ್ಕಿಂತ ತಡವಾಗಿ ಬಂದರೆ 'ಸೊನ್ನೆ'. ಈ ಒಂದು-ಸೊನ್ನೆಗಳಲ್ಲೇ ವಿಳಾಸವೂ ಆಜ್ಞೆಯೂ ಇರುತ್ತವೆ. ತನ್ನ ವಿಳಾಸಕ್ಕೆ ಬಂದ ಆಜ್ಞೆಯಂತೆ ಮಾತ್ರ ಡಿಕೋಡರ್ ಮೋಟಾರಿಗೆ ಕರೆಂಟ್ ಬಿಡುತ್ತದೆ.

ಈಗ ಸಿಗುವ ತೀರಾ ಸಣ್ಣ ಡಿಕೋಡರ್‌ಗಳು 8-9 ಮಿ.ಮೀ. ಉದ್ದ, ದಪ್ಪ ಎರಡು-ಎರಡೂವರೆ ಮಿ.ಮೀ. ಹುಣಸೆ ಬೀಜಕ್ಕಿಂತ ಚಿಕ್ಕದು. ಹಾಗಂತ ಕೂಡಲೇ ಆರ್ಡರ್ ಮಾಡಬೇಡಿ. ಮೊದಲು ಎಂಜಿನ್ ಬಿಚ್ಚಿ, ಜಾಗ ಹುಡುಕಿ.

[ದೃಶ್ಯ: ಬಾಡಿ ತೆಗೆದ ಎಂಜಿನ್]

ನೋಡಿ, ಚಾಸಿಸ್ ಎರಡು ಹೋಳು. ಬಲಗಡೆಯದು ಬಲ ಹಳಿಯ ಕರೆಂಟ್ ತರುತ್ತದೆ, ಎಡಗಡೆಯದು ಎಡ ಹಳಿಯದು. ನಡುವೆ ಪ್ಲಾಸ್ಟಿಕ್ ತುಂಡು. ಮೋಟಾರಿಗೆ ಕರೆಂಟ್ ಮುಟ್ಟಿಸುವ ಎರಡು ಬ್ರಷ್‌ಗಳ ತಗಡು ಈ ಎರಡು ಹೋಳುಗಳಿಗೆ ನೇರವಾಗಿ ತಾಗಿಕೊಂಡಿವೆ. ಡಿಸಿಗೆ ಇದು ಸೊಗಸಾದ ಏರ್ಪಾಡು, ವೈರೇ ಬೇಡ. ಡಿಸಿಸಿಗೆ ಇದೇ ಶತ್ರು. ಡಿಕೋಡರ್ ಹಾಕಿದ ಮೇಲೆ ಬ್ರಷ್ ಎಲ್ಲಾದರೂ ಚಾಸಿಸ್‌ಗೆ ತಾಗಿತೋ, ಡಿಕೋಡರ್ ಸುಟ್ಟಿತು ಅಂತಲೇ ಲೆಕ್ಕ.

ಹಾಗಾಗಿ ತಗಡುಗಳನ್ನು ಮಡಚಿ, ಹಿಂದೆ ಕ್ಯಾಪ್ಟಾನ್ (Kapton) ಟೇಪ್ ಅಂಟಿಸಬೇಕು. ಹಳದಿ-ಕಂದು ಬಣ್ಣದ, ಬಿಸಿ ತಡೆಯುವ ಟೇಪ್ ಅದು. ವೈರ್ ಟೇಪ್ ಆಗುವುದಿಲ್ಲ. ದಪ್ಪ, ಸೆಕೆಗೆ ಅಂಟು ಜಾರುತ್ತದೆ. ಆಮೇಲೆ ಮಲ್ಟಿಮೀಟರನ್ನು ಬೀಪ್ ಮೋಡ್‌ನಲ್ಲಿಟ್ಟು, ಒಂದು ಕಡ್ಡಿ ಬ್ರಷ್‌ಗೆ, ಇನ್ನೊಂದು ಚಾಸಿಸ್‌ಗೆ. ಎರಡೂ ಬ್ರಷ್, ಎರಡೂ ಹೋಳು, ನಾಲ್ಕೂ ಜೋಡಿ ನೋಡಿ. ಒಂದರಲ್ಲೂ ಸದ್ದು ಬರಬಾರದು.

[ಕ್ಯಾಮೆರಾ ಹಿಂದಿನಿಂದ: "ಭಾವ, ವೈರ್ ಬಣ್ಣ ಹೇಳಲಿಲ್ಲ."]

ಹೇಳ್ತೇನೆ ಮಾರಾಯಾ. ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ. ಕಿತ್ತಳೆ ಮತ್ತು ಬೂದು ಮೋಟಾರಿಗೆ. ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ, ನೀಲಿ ದೀಪಗಳಿಗೆ ಸಮಾನ ಪ್ಲಸ್. ಹೆಚ್ಚಿನ ಕಂಪನಿಗಳಲ್ಲಿ ಈ ಬಣ್ಣಗಳು ಇವೇ. ಇಷ್ಟು ಸಣ್ಣ ಎಂಜಿನ್‌ನಲ್ಲಿ ದೀಪದ ಆಸೆ ಸದ್ಯಕ್ಕೆ ಬಿಡಿ.

ಇನ್ನು ಜಾಗ. ಚಾಸಿಸ್‌ನ ಲೋಹವನ್ನು ಅರದಿಂದ ಉಜ್ಜಿ ಗುಂಡಿ ಮಾಡುವವರಿದ್ದಾರೆ. ಮಾಡುವುದಾದರೆ ಮೋಟಾರು, ಗೇರು ಎಲ್ಲ ಹೊರಗೆ ತೆಗೆದಿಟ್ಟು ಮಾಡಿ. ಲೋಹದ ಪುಡಿ ಒಳಗೆ ಹೋದರೆ ಮುಗಿಯಿತು. ನನಗೆ ಮಾತ್ರ ಈ ದಾರಿ ಅಷ್ಟು ಹಿಡಿಸುವುದಿಲ್ಲ. ಇಂಥ ಎಂಜಿನ್‌ಗೆ ಭಾರವೇ ಬಲ. ಭಾರ ಕಡಿಮೆಯಾದರೆ ಚಕ್ರ ಜಾರುತ್ತದೆ, ಹಳಿಯಿಂದ ಕರೆಂಟೂ ಸರಿಯಾಗಿ ಬರುವುದಿಲ್ಲ. ಕ್ಯಾಬಿನ್ ಒಳಗೆ ಜಾಗ ಇದ್ದರೆ ಅಲ್ಲಿಡಿ. ಕಿಟಕಿಯಲ್ಲಿ ಸ್ವಲ್ಪ ಕಾಣುತ್ತದೆ, ಕಾಣಲಿ ಬಿಡಿ. ಕಪ್ಪು ಬಣ್ಣ ಬಳಿದರಾಯಿತು ಅನ್ನಬೇಡಿ, ಡಿಕೋಡರ್‌ಗೆ ಗಾಳಿ ಬೇಕು. ಇಡೀ ಟೇಪ್ ಸುತ್ತಿದರೂ ಬಿಸಿ ಹೊರಗೆ ಹೋಗುವುದಿಲ್ಲ. ತಾಗುವ ಕಡೆಗೆ ಮಾತ್ರ ಟೇಪ್ ಸಾಕು.

[ದೃಶ್ಯ: ಎಂಜಿನ್ ಹಿಂದೆ ಮುಚ್ಚಿದ ಗೂಡ್ಸ್ ಡಬ್ಬಿ]

ನನ್ನ ಮೆಚ್ಚಿನ ದಾರಿ ಇದು. ಡಿಕೋಡರನ್ನು ಎಂಜಿನ್‌ನಲ್ಲಿ ಇಡುವುದೇ ಬೇಡ, ಹಿಂದಿನ ಡಬ್ಬಿಯಲ್ಲಿಡಿ. ಕೂದಲಿನಷ್ಟು ತೆಳು ವೈರ್ ನಾಲ್ಕು. ಎರಡು ಹಳಿಯವು, ಎರಡು ಮೋಟಾರಿನವು. ಎಂಜಿನ್, ಡಬ್ಬಿ ಆಮೇಲೆ ಬೇರೆ ಆಗುವುದಿಲ್ಲ, ಅದೊಂದೇ ನಷ್ಟ. ಲಾಭ ದೊಡ್ಡದು. ಡಬ್ಬಿಯ ಚಕ್ರಗಳಿಂದಲೂ ಕರೆಂಟ್ ಎತ್ತಿಕೊಳ್ಳಬಹುದು. ನಮ್ಮ ಕಡಲ ದಂಡೆಯ ಉಪ್ಪುಗಾಳಿ, ಜೂನ್-ಜುಲೈನ ತೇವ ಗೊತ್ತಲ್ವಾ? ಹಳಿ ಒರೆಸಿ ಇಟ್ಟರೂ ಮತ್ತೆ ಕೊಳೆ ಹಿಡಿಯುತ್ತದೆ. ನಾಲ್ಕು ಚಕ್ರದ ಎಂಜಿನ್ ಪಾಯಿಂಟ್, ಅಂದರೆ ಹಳಿ ಕವಲೊಡೆಯುವ ಜಾಗದ ಮೇಲೆ ಹೋದಾಗಲೆಲ್ಲ ನಿಲ್ಲುತ್ತದೆ. ಎಂಟು ಚಕ್ರ ಆದರೆ ಹೆಚ್ಚಾಗಿ ದಾಟಿಬಿಡುತ್ತದೆ. ಕರೆಂಟ್ ತಪ್ಪಿದ ಕ್ಷಣ ಎಂಜಿನ್ ನಿಲ್ಲದಂತೆ ನೋಡಿಕೊಳ್ಳುವ ಕೆಪಾಸಿಟರ್‌ಗೂ ಡಬ್ಬಿಯಲ್ಲಿ ಜಾಗ ಸಿಗುತ್ತದೆ. ಆದರೆ ಅದಕ್ಕೆ ಕನೆಕ್ಷನ್ ಇರುವ ಡಿಕೋಡರ್ ಬೇಕು, ಕೊಳ್ಳುವಾಗಲೇ ನೋಡಿಕೊಳ್ಳಿ.

ಬೆಸುಗೆಗೆ ಮುಂಚೆ ಇನ್ನೊಂದು ಪರೀಕ್ಷೆ. ಮೋಟಾರಿಗೆ 12 ವೋಲ್ಟ್ ಡಿಸಿ ಕೊಟ್ಟು, ಶಾಫ್ಟನ್ನು ಒಂದು ಕ್ಷಣ ಬೆರಳಿಂದ ಹಿಡಿದು ನಿಲ್ಲಿಸಿ. ಆಗ ಎಷ್ಟು ಆಂಪ್ ಎಳೆಯುತ್ತದೆ ಅಂತ ಮೀಟರ್‌ನಲ್ಲಿ ನೋಡಿ. ಡಿಕೋಡರ್ ಅರ್ಧ ಆಂಪ್‌ನದಾದರೆ ಮೋಟಾರು ಎಳೆಯುವುದು ಅದಕ್ಕಿಂತ ಕಡಿಮೆ ಇರಬೇಕು. ಹಳೆಯ ಮೋಟಾರುಗಳು ಇಲ್ಲೇ ಸೋಲುತ್ತವೆ.

ಎಲ್ಲ ಜೋಡಿಸಿದ ಮೇಲೆ ಸೀದಾ ಮೇನ್ ಹಳಿಗೆ ಇಡಬೇಡಿ. ಪ್ರೋಗ್ರಾಮಿಂಗ್ ಹಳಿಯಲ್ಲಿಡಿ, ಅಂದರೆ ಡಿಕೋಡರ್‌ನ ಸೆಟ್ಟಿಂಗ್ ಓದಲು, ಬದಲಿಸಲು ಬಳಸುವ ಹಳಿ. ಅಲ್ಲಿ ಕರೆಂಟ್ ಕಡಿಮೆ, ಶಾರ್ಟ್ ಇದ್ದರೂ ಡಿಕೋಡರ್ ಉಳಿಯುವ ಸಾಧ್ಯತೆ ಹೆಚ್ಚು. ಡಿಕೋಡರ್‌ನ ಸೆಟ್ಟಿಂಗ್‌ಗಳಿಗೆ ಸಿವಿ ಅನ್ನುತ್ತಾರೆ. ವಿಳಾಸ ಇರುವ ಸಿವಿ 1 ಓದಿ. ಹೊಸ ಡಿಕೋಡರ್ ಆದರೆ 3 ಅಂತ ಬರಬೇಕು. ಬಂದರೆ ವೈರಿಂಗ್ ಬಹುಪಾಲು ಸರಿ ಇದೆ. ಬಾಡಿ ಹಾಕಿ ಇನ್ನೊಮ್ಮೆ ಓದಿ, ಯಾಕೆಂದರೆ ವೈರ್ ಸಿಕ್ಕಿಹಾಕಿಕೊಳ್ಳುವುದು ಬಾಡಿ ಒತ್ತುವಾಗಲೇ. ಎಂಜಿನ್ ಉಲ್ಟಾ ಓಡಿದರೆ ಕಿತ್ತಳೆ, ಬೂದು ಅದಲುಬದಲಾಗಿವೆ ಅಷ್ಟೇ. ಮತ್ತೆ ಬಿಚ್ಚಬೇಡಿ, ಸಿವಿ 29ರ ಬೆಲೆಗೆ ಒಂದು ಕೂಡಿಸಿ.