ಸರಪಳಿ ಉದ್ದ ಬಿಡಿ

ಕೇಳುಗರಿಗೆ ನಮಸ್ಕಾರ.

ಹಾಯಿದೋಣಿಯಲ್ಲೇ ಸಂಸಾರ ಹೂಡಿ, ಪರದೇಶದ ಕರಾವಳಿಗುಂಟ ತಿಂಗಳುಗಟ್ಟಲೆ ಸಾಗುವವರಿದ್ದಾರೆ. ಅವರ ಮಾತೆತ್ತಿದರೆ ಸಾಕು, ತಿಮಿಂಗಿಲ ಬಂದರೆ ಏನು ಮಾಡುತ್ತಾರೆ, ಬಿರುಗಾಳಿ ಎದ್ದರೆ ಏನು ಗತಿ ಎಂದೇ ಎಲ್ಲರೂ ಕೇಳುವುದು. ಲಂಗರು ಹಾಕುವುದು ಹೇಗೆಂದು ಒಬ್ಬರೂ ಕೇಳುವುದಿಲ್ಲ! ಈ ಜನ ಹೆಚ್ಚಿನ ರಾತ್ರಿ ನಿದ್ದೆ ಮಾಡುವುದು ಲಂಗರಿನ ಭರವಸೆಯ ಮೇಲೆ. ಆದ್ದರಿಂದ ಇವತ್ತು ಒಂದೇ ಮಾತು: ಲಂಗರಿನ ಸರಪಳಿ ಉದ್ದ ಬಿಡಿ.

ಹೊಲದ ಅಂಚಿನಲ್ಲಿ ಎಮ್ಮೆ ಕಟ್ಟಿದ ಗೂಟ ನೋಡಿದ್ದೀರಲ್ಲ. ಹಗ್ಗ ನೆಲದಗುಂಟ ಎಳೆಯುವ ತನಕ ಎಮ್ಮೆ ಎಷ್ಟು ಜಗ್ಗಿದರೂ ಗೂಟ ಜಪ್ಪಯ್ಯ ಅನ್ನುವುದಿಲ್ಲ. ಅದನ್ನೇ ನೀವು ಪಕ್ಕದಲ್ಲಿ ನಿಂತು ಮೇಲಕ್ಕೆಳೆದರೆ ಕಿತ್ತು ಬರುತ್ತದೆ. ಲಂಗರೂ ಹಾಗೇ. ದೋಣಿಯನ್ನು ಹಿಡಿಯುವುದು ಅದರ ತೂಕವಲ್ಲ, ಮರಳಿನೊಳಗೆ ಹೂತ ಅದರ ಗುಳ. ಹನ್ನೆರಡು ಮೀಟರ್ ಉದ್ದದ ದೋಣಿ ಹಲವು ಟನ್ ತೂಗುತ್ತದೆ, ಅದರ ಲಂಗರು ಇಪ್ಪತ್ತು ಕಿಲೋ ಆಸುಪಾಸು. ಸರಪಳಿ ಗಿಡ್ಡವಾದರೆ ಎಳೆತ ಮೇಲ್ಮುಖವಾಗುತ್ತದೆ, ಲಂಗರು ಕೀಳುತ್ತದೆ.

ಲೆಕ್ಕ ಹೀಗೆ. ನೀರಿನ ಆಳ 5 ಮೀಟರ್. ಭರತದಲ್ಲಿ ಇನ್ನೂ 2 ಏರುತ್ತದೆ. ದೋಣಿಯ ಮೂತಿ ನೀರಿನಿಂದ 1 ಮೀಟರ್ ಮೇಲೆ. ಒಟ್ಟು 8. ಅದರ ಐದು ಪಟ್ಟು, ಅಂದರೆ 40 ಮೀಟರ್ ಸರಪಳಿ. ಗಾಳಿ ಜೋರಾಗುವ ಲಕ್ಷಣವಿದ್ದರೆ ಏಳು ಪಟ್ಟು, 56. ಹೊಸಬರು ಭರತವನ್ನೂ ಮೂತಿಯನ್ನೂ ಮರೆತು ಐದೈದಲೆ ಇಪ್ಪತ್ತೈದು ಎಂದು ಮಲಗುತ್ತಾರೆ. ನಡುರಾತ್ರಿ ನೀರೇರಿದಾಗ ಅದು ಮೂರು ಪಟ್ಟು ಮಾತ್ರ.

ಹಾಕುವಾಗ ಗಾಳಿಗೆ ಮುಖ ಮಾಡಿ ದೋಣಿ ನಿಲ್ಲಿಸಬೇಕು. ಲಂಗರು ತಳ ಮುಟ್ಟಲಿ. ದೋಣಿ ಹಿಂದಕ್ಕೆ ತೇಲಿದಂತೆ ಸರಪಳಿ ಬಿಡುತ್ತ ಹೋಗಿ, ಒಂದೇ ಕಡೆ ರಾಶಿ ಸುರಿಯಬೇಡಿ. ಆಮೇಲೆ ಎಂಜಿನ್ ಹಿಮ್ಮುಖ ಕೊಟ್ಟು ಒಂದು ನಿಮಿಷ ಎಳೆಯಿರಿ. ದೋಣಿಯ ಮಗ್ಗುಲಿಗೆ ಕಾಣುವ ದಡದ ಮೇಲೆ ಒಂದು ಮರ, ಅದರ ಹಿಂದೆ ಒಂದು ಮನೆ ಗುರುತಿಟ್ಟುಕೊಳ್ಳಿ. ಅವೆರಡೂ ಒಂದೇ ಸಾಲಿನಲ್ಲಿ ನಿಂತಿದ್ದರೆ ಲಂಗರು ಕಚ್ಚಿದೆ. ಜರುಗಿದರೆ ಎತ್ತಿ, ಮತ್ತೆ ಹಾಕಿ. ಬೇಸರ ಮಾಡಿಕೊಳ್ಳಬೇಡಿ. ಸರಪಳಿಗೆ ಹತ್ತತ್ತು ಮೀಟರಿಗೆ ಬಣ್ಣ ಬಳಿದಿರಲೇಬೇಕು, ಇಲ್ಲದಿದ್ದರೆ ಬಿಟ್ಟದ್ದು ಎಷ್ಟೆಂದು ದೇವರಿಗೇ ಗೊತ್ತು.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ? 1982ರ ಡಿಸೆಂಬರ್ 8, ಮೆಕ್ಸಿಕೋದ ಕಾಬೊ ಸಾನ್ ಲೂಕಾಸ್. ಅಮೆರಿಕದ ಸ್ಯಾನ್ ಡಿಯಾಗೋ ಬಿಟ್ಟು, ಗಡಿ ದಾಟಿ ಮೆಕ್ಸಿಕೋದ ಎನ್ಸೆನಾಡಾ ಬಂದರಿನಲ್ಲಿ ಕಾಗದಪತ್ರ ಮುಗಿಸಿ, ವಾಯುವ್ಯದ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಸುಮಾರು 1,400 ಕಿಲೋಮೀಟರ್ ಇಳಿದು ಬಂದವರು ಸೇರುವ ಜಾಗ ಅದು. ಚಂಡಮಾರುತದ ಕಾಲ ನವೆಂಬರಿಗೇ ಮುಗಿಯಿತೆಂದು ಎಲ್ಲರೂ ನಿರಾಳ. ನಮ್ಮ ಜಗಲಿಗೆ ಪಡುವಣ ಇರಿಚಲು ತಡೆಯಲು ತಟ್ಟಿ ಕಟ್ಟುತ್ತೇವಲ್ಲ, ಆ ಕೊಲ್ಲಿಯೂ ಹಾಗೆ, ವಾಯುವ್ಯಕ್ಕೆ ತಟ್ಟಿ ಇದೆ, ಆಗ್ನೇಯಕ್ಕೆ ಬಟಾಬಯಲು. ಆ ರಾತ್ರಿ ಗಾಳಿ ಬಯಲ ಕಡೆಯಿಂದಲೇ ಬಂತು.

ದೋಣಿಗಳು ದಡಕ್ಕೆ ತೀರಾ ಹತ್ತಿರ, ಒಂದಕ್ಕೊಂದು ಒತ್ತಾಗಿ ನಿಂತಿದ್ದವು. ಅಡಿಕೆ ಸಸಿಗೂ ಒಂಬತ್ತು ಅಡಿ ಅಂತರ ಬಿಡುತ್ತೇವೆ. 40 ಮೀಟರ್ ಸರಪಳಿ ಬಿಟ್ಟ ದೋಣಿ ಲಂಗರಿನ ಸುತ್ತ ಐವತ್ತು ಮೀಟರ್ ದೂರದವರೆಗೂ ತಿರುಗುತ್ತದೆ, ಅಷ್ಟು ಜಾಗ ಖಾಲಿ ಬೇಕು. ಅಲ್ಲಿ ಸರಪಳಿ ಬಿಡಲು ಜಾಗವೇ ಇರಲಿಲ್ಲ. ಒಂದು ಕಿತ್ತು ಬಂದು ಇನ್ನೊಂದಕ್ಕೆ ಹೊಡೆಯಿತು. ಬೆಳಗಾಗುವಾಗ ಇಪ್ಪತ್ತಕ್ಕೂ ಹೆಚ್ಚು ದೋಣಿಗಳು ಮರಳಿನ ಮೇಲೆ ಬಿದ್ದಿದ್ದವು. ಅದರಲ್ಲಿ ಒಂದು ಬರ್ನಾರ್ ಮ್ವಾತೆಸಿಯೆ ಎಂಬ ಫ್ರೆಂಚ್ ನಾವಿಕನ ಉಕ್ಕಿನ ದೋಣಿ 'ಜೋಶುವಾ'. 1968-69ರಲ್ಲಿ ಒಂಟಿಯಾಗಿ ಭೂಮಿ ಸುತ್ತುವ ಪಂದ್ಯದಲ್ಲಿ, ಗೆಲ್ಲುವ ಅವಕಾಶ ಬಿಟ್ಟುಕೊಟ್ಟು ತಹಿತಿಯವರೆಗೆ ಸಾಗಿದ ಮನುಷ್ಯ ಅವರು. ದಕ್ಷಿಣ ಸಾಗರವನ್ನೇ ಗೆದ್ದ ದೋಣಿ ದಡದ ಪಕ್ಕ ಸೋತಿತು ನೋಡಿ! ಕೂವೆಮರ ಮುರಿದು ಮರಳು ಹೊಕ್ಕ ಅದನ್ನು ಅವರು ಬಿಡಿಗಾಸಿಗೆ ಕೊಟ್ಟುಬಿಟ್ಟರು. ಈಗ ಅದು ದುರಸ್ತಿಯಾಗಿ ಫ್ರಾನ್ಸಿನ ಲಾ ರೋಶೆಲ್ ಸಾಗರ ಸಂಗ್ರಹಾಲಯದಲ್ಲಿದೆ.

ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯವಾಯಿತಂತೆ. ನೀರು, ಕರೆಂಟು, ಅಡುಗೆ ಎಂದು ಇಡೀ ಹಾಳೆ ಬರೆದು ತಂದಿದ್ದೆ. ಪಾತ್ರೆಯನ್ನು ಸಮುದ್ರದ ನೀರಿನಲ್ಲಿ ಉಜ್ಜಿ, ಕೊನೆಗೆ ಒಂದು ಲೋಟ ಸಿಹಿನೀರಿನಲ್ಲಿ ಜಾಲಿಸಬೇಕು, ಅಷ್ಟು ಸಾಕು. ಲಂಗರಿನ ಬಗ್ಗೆ ಕೊನೆಯ ಮಾತು: ಗಾಳಿ ದಡದ ಕಡೆಗೆ ತಿರುಗುವ ಸೂಚನೆ ಸಿಕ್ಕರೆ ಬೆಳಕಿರುವಾಗಲೇ ಲಂಗರೆತ್ತಿ ನಡುಸಮುದ್ರಕ್ಕೆ ಹೋಗಿ. ಎತ್ತಲು ಪುರುಸೊತ್ತಿಲ್ಲದಿದ್ದರೆ? ಅದಕ್ಕೇ ಸರಪಳಿಯ ಕೊನೆಯನ್ನು ದೋಣಿಗೆ ಬೋಲ್ಟಿನಿಂದ ಬಿಗಿಯಬಾರದು. ಗಟ್ಟಿ ಹಗ್ಗದಿಂದ ಕಟ್ಟಬೇಕು. ಸರಪಳಿ ಪೂರ್ತಿ ಹೊರಗೆ ಹೋದಾಗ ಆ ಹಗ್ಗ ದೋಣಿಯ ಮೇಲಟ್ಟದಲ್ಲಿ, ಅಂದರೆ ಡೆಕ್ಕಿನ ಮೇಲೆ, ಕೈಗೆ ಸಿಗುವಷ್ಟು ಉದ್ದವಿರಲಿ, ಪಕ್ಕದಲ್ಲೇ ಒಂದು ಹರಿತವಾದ ಕತ್ತಿಯಿರಲಿ.

ನಮಸ್ಕಾರ.