ಗ್ಯಾಸಿನ ಗುಳಿಗೆಯೊಳಗೆ ಇನ್ನೊಂದು ಗುಳಿಗೆ

ವಿಜಯಪುರದ ಯಾವುದಾದರೂ ಮೆಡಿಕಲ್ ಅಂಗಡಿ ಮುಂದೆ ಬೆಳಿಗ್ಗೆ ಸ್ವಲ್ಪ ಹೊತ್ತು ನಿಲ್ಲಿ. "ಅಣ್ಣಾ, ಗ್ಯಾಸಿನ ಗುಳಿಗಿ ಒಂದ್ ಪಟ್ಟಿ ಕೊಡ್ರಿ" ಅಂತ ಒಬ್ಬರಾದರೂ ಬಂದೇ ಬರುತ್ತಾರೆ. ಡಾಕ್ಟರ್ ಚೀಟಿ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಎಷ್ಟು ದಿನದಿಂದ ನುಂಗ್ತಿದ್ದೀರಿ ಅಂತಲೂ ಕೇಳುವುದಿಲ್ಲ. ರಾತ್ರಿ ಮಿರ್ಚಿ ಭಜಿ ಜಾಸ್ತಿ ಆಯಿತು, ಬೆಳಿಗ್ಗೆ ಗುಳಿಗೆ. ಮದುವೆ ಊಟ ಇದೆ, ಹೋಗುವ ಮೊದಲೇ ಗುಳಿಗೆ. ಕೆಲವರಿಗಂತೂ ಚಹಾಕ್ಕಿಂತ ಮೊದಲು ಅದೇ.

ಆ ಪಟ್ಟಿಯನ್ನು ಒಮ್ಮೆ ತಿರುಗಿಸಿ ಓದಿ. ಅಕ್ಷರ ಸಣ್ಣದು, ಕನ್ನಡಕ ಬೇಕಾಗುತ್ತದೆ. ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ಡೊಂಪೆರಿಡೋನ್ 30 ಮಿಲಿಗ್ರಾಂ. ಹೆಸರಿನ ಕೊನೆಗೆ ಡಿ ಅಥವಾ ಡಿಎಸ್‌ಆರ್ ಅಂತಿದ್ದರೆ ಸಾಮಾನ್ಯವಾಗಿ ಇಂಥದ್ದೇ ಜೋಡಿ. ಮೊದಲನೆಯದು ಹೊಟ್ಟೆಯ ಆಮ್ಲ ತಗ್ಗಿಸುತ್ತದೆ. ನನ್ನ ತಕರಾರು ಎರಡನೆಯದರ ಮೇಲೆ.

ಜಠರದ ಚಲನೆಗೆ ಡೋಪಮೈನ್ ಅನ್ನುವ ಮೈಯೊಳಗಿನ ರಾಸಾಯನಿಕ ಒಂದು ಬ್ರೇಕ್ ಇದ್ದ ಹಾಗೆ. ಡೊಂಪೆರಿಡೋನ್ ಆ ಬ್ರೇಕ್ ಹಿಡಿಯಲು ಬಿಡುವುದಿಲ್ಲ. ಉಂಡದ್ದು ಬೇಗ ಕೆಳಗಿಳಿಯುತ್ತದೆ, ವಾಕರಿಕೆ ನಿಲ್ಲುತ್ತದೆ. ವರ್ಷಗಟ್ಟಲೆ ಶುಗರ್ ಇರುವ ಕೆಲವರಲ್ಲಿ ಜಠರದ ನರ ಸೋತುಹೋಗಿರುತ್ತದೆ. ಮಧ್ಯಾಹ್ನ ತಿಂದ ಜೋಳದ ರೊಟ್ಟಿ ರಾತ್ರಿವರೆಗೂ ಅಲ್ಲೇ ಕೂತಿರುತ್ತದೆ. ಅಂಥವರಿಗೆ ಡಾಕ್ಟರ್ ಈ ಜಾತಿಯ ಔಷಧಿ ಬರೆದರೆ ಅದಕ್ಕೊಂದು ಅರ್ಥ ಇದೆ. ಭಜಿ ತಿಂದವರಿಗೆ ಯಾಕೆ?

2014ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಇದಕ್ಕೆ ಕಡಿವಾಣ ಹಾಕಿದರು. ಕಾರಣ, ಹೃದಯದ ಬಡಿತ ತಾಳ ತಪ್ಪುವ ಅಪಾಯ. ವಾಂತಿ, ವಾಕರಿಕೆಗೆ ಮಾತ್ರ ಕೊಡಿ, ಹೊಟ್ಟೆ ಉಬ್ಬರಕ್ಕೆ, ಎದೆಯುರಿಗೆ ಬೇಡ ಅಂದರು. ದೊಡ್ಡವರಿಗೆ 10 ಮಿಲಿಗ್ರಾಂ, ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಅದೂ ಸಾಮಾನ್ಯವಾಗಿ ಒಂದು ವಾರ ಮೀರದಂತೆ. ಅವರ ಇಡೀ ದಿನದ ಮಿತಿ ನಮ್ಮ ಒಂದೇ ಕ್ಯಾಪ್ಸೂಲಿನಲ್ಲಿದೆ! ನಿಧಾನವಾಗಿ ಬಿಡುಗಡೆಯಾಗುವ ಮಾದರಿ ಅದು, ಒಪ್ಪಿದೆ. ಆದರೆ ನಮ್ಮವರು ನುಂಗುವುದು ವಾರವಲ್ಲ, ತಿಂಗಳುಗಟ್ಟಲೆ.

ಇನ್ನೊಂದು ಕಿತಾಪತಿ ಇದೆ. ಬೇಸಿಗೆಯಲ್ಲಿ ನಮ್ಮ ಕಡೆ ಗಜಕರ್ಣದ ಕಾಟ ಗೊತ್ತಲ್ವಾ? ಅದಕ್ಕೆ ಕೊಡುವ ಇಟ್ರಾಕೊನಜೋಲ್ ಡೊಂಪೆರಿಡೋನನ್ನು ಮೈಯಿಂದ ಬೇಗ ಹೊರಗೆ ಹೋಗಲು ಬಿಡುವುದಿಲ್ಲ. ಎರಡನ್ನೂ ಸೇರಿಸಲೇಬಾರದು ಅಂತ ನಿಯಮವೇ ಇದೆ. ಕ್ಲಾರಿಥ್ರೊಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಜೊತೆಗೂ ಹಾಗೇ. ಚರ್ಮದ ಡಾಕ್ಟರು "ಬೇರೆ ಏನಾದರೂ ಗುಳಿಗೆ ತಗೋತೀರಾ" ಅಂತ ಕೇಳಿದರೆ ನಾವು ಇಲ್ಲ ಅನ್ನುತ್ತೇವೆ. ಗ್ಯಾಸಿನದ್ದು ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ಕೆಲವು ಪಟ್ಟಿಗಳಲ್ಲಿ ಡೊಂಪೆರಿಡೋನ್ ಬದಲು ಲೆವೋಸಲ್ಪಿರೈಡ್ ಇರುತ್ತದೆ. ಇದು ಮಿದುಳಿಗೂ ಹೋಗುತ್ತದೆ. ವಯಸ್ಸಾದವರಲ್ಲಿ ಕೈ ನಡುಗಬಹುದು, ನಡಿಗೆ ಬಿಗಿಯಾಗಬಹುದು. ಮನೆಯವರು ಪಾರ್ಕಿನ್ಸನ್ ಅಂತ ಗಾಬರಿಯಾಗುತ್ತಾರೆ. ಅಜ್ಜನಿಗೆ ಹೊಸದಾಗಿ ನಡುಕ ಬಂದಿದ್ದರೆ ಅವರ ಗುಳಿಗೆ ಡಬ್ಬಿಯನ್ನೇ ಡಾಕ್ಟರ್ ಹತ್ತಿರ ಒಯ್ಯಿರಿ.

ಹೀಗೇ ಜಠರದ ಚಲನೆ ಹೆಚ್ಚಿಸುವ ಸಿಸಾಪ್ರೈಡ್ ಅನ್ನುವ ಔಷಧಿ ಒಂದು ಕಾಲಕ್ಕೆ ಜೋರಾಗಿ ನಡೆದಿತ್ತು. ಹೃದಯದ ತೊಂದರೆಯಿಂದಾಗಿ 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ನಮ್ಮ ದೇಶದಲ್ಲಿ ನಿಷೇಧ ಆದದ್ದು 2011ಕ್ಕೆ.

ಸರಿ, ನಾಳೆಯಿಂದ ಬಿಡ್ತೀನಿ ಅಂದುಕೊಂಡಿರಾ? ಒಂದು ಮಾತು ಕೇಳಿ. ತಿಂಗಳುಗಟ್ಟಲೆ ಆಮ್ಲ ತಗ್ಗಿಸುವ ಗುಳಿಗೆ ತಗೊಂಡು ಒಮ್ಮೆಲೇ ಬಿಟ್ಟರೆ ಹೊಟ್ಟೆ ಕೆಲವು ದಿನ ಮೊದಲಿಗಿಂತ ಜಾಸ್ತಿ ಆಮ್ಲ ಸುರಿಸಬಹುದು. ಎದೆ ಉರಿಯುತ್ತದೆ, "ನೋಡಿದಿರಾ, ಇದಿಲ್ಲದೆ ಆಗಲ್ಲ" ಅಂತ ಮತ್ತೆ ಅಂಗಡಿಗೆ ಓಡುತ್ತೇವೆ. ಅದಕ್ಕೇ ಡಾಕ್ಟರ್ ಹತ್ತಿರ ಕೂತು, ಯಾವುದನ್ನು ತಕ್ಷಣ ನಿಲ್ಲಿಸಬೇಕು, ಯಾವುದನ್ನು ಮೆಲ್ಲಗೆ ಇಳಿಸಬೇಕು ಅಂತ ಕೇಳಿ ಬರೆಸಿಕೊಳ್ಳಿ. ಆದರೆ ಎದೆ ಒತ್ತಿದ ಹಾಗಾಗಿ ಬೆವರು ಬಂದರೆ, ಅದು ಗ್ಯಾಸ್ ಇರಬಹುದು ಅಂತ ಮೆಡಿಕಲ್ ಅಂಗಡಿಗೆ ಹೋಗಬೇಡಿ. ನೇರ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.